ಮೀಸೆ ತೆಗೆದ ಭಾನುವಾರ

ಹೋದ ವರ್ಷ ಯುಗಾದಿ ಕಳೆದ ಮೊದಲ ಭಾನುವಾರ ಬೆಳಿಗ್ಗೆ ಯಲಹಂಕದ ನಮ್ಮ ಸಮುದಾಯ ಭವನಕ್ಕೆ ಬೀಗ ಬಿತ್ತು. ಚಾವಣಿ ಬಿರುಕು ಬಿಟ್ಟಿದೆ, ಯಾರೂ ಒಳಗೆ ಹೋಗಬಾರದು ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಅದೇ ಸಂಜೆ ಅಲ್ಲಿ ನಮ್ಮೂರವರ ಪೌರಾಣಿಕ ನಾಟಕ ಇತ್ತು. ಎಷ್ಟೋ ವರ್ಷ ಸೈನಿಕ, ದೂತ ಎಂದು ಬಂದುಹೋಗುತ್ತಿದ್ದ ಚಿಕ್ಕಪ್ಪನಿಗೆ ಮೊದಲ ಸಲ ದೇವರ ಪಾತ್ರ ಸಿಕ್ಕಿತ್ತು.

ದೇವರ ಪಾತ್ರ ಮಾಡುವವರು ನಾಟಕದ ದಿನ ಬೆಳಿಗ್ಗೆ ಮೀಸೆ ಬೋಳಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಚಿಕ್ಕಪ್ಪ ಬೋಳಿಸಿಕೊಂಡೇ ಭವನಕ್ಕೆ ಬಂದರು. ಮೆಟ್ಟಿಲ ಮೇಲೆ ಕೂತಿದ್ದ ಅವರ ಗೆಳೆಯರೊಬ್ಬರು, "ಏನ್ ಗುರು, ದೇವ್ರನ್ನೇ ಹೊರಗ್ ನಿಲ್ಸವ್ರಲ್ಲ" ಎಂದರು.

ಜೊತೆಗೆ ಬಂದಿದ್ದ ಚಿಕ್ಕಮ್ಮ ನನ್ನ ಕಡೆ ತಿರುಗಿ, "ಮದ್ವೆ ಫೋಟೋದಲ್ಲೂ ಇದ್ದ ಮೀಸೆ ಕಣೋ ಅದು. ಒಂದ್ ಫೋನ್ ಮಾಡಿ ಕೇಳ್ಬಾರ್ದಾಗಿತ್ತಾ ಇವ್ರು?" ಎಂದರು. ಚಿಕ್ಕಪ್ಪ ತುಟಿಯ ಮೇಲೆ ಕೈ ಅಡ್ಡ ಇಟ್ಟುಕೊಂಡು ನಕ್ಕರು.

ತಣಿಸಂದ್ರದ ಕಲ್ಯಾಣ ಮಂಟಪವೊಂದರಲ್ಲಿ ಆಡೋಣ ಎಂದು ಗೆಳೆಯರು ಹೇಳಿನೋಡಿದರು. ಚಿಕ್ಕಪ್ಪ ಒಪ್ಪಲಿಲ್ಲ. "ನಮ್ಮಪ್ಪ ದೇವ್ರಾಗಿದ್ದು ಈ ಸ್ಟೇಜ್ ಮೇಲೆ. ನಾನೂ ಇಲ್ಲೇ ಆಡ್ತೀನಿ. ತೆಗೀಲಿ, ಕಾಯ್ತೀನಿ."

ಅಂದಿನಿಂದ ತಾಲೀಮು ನಮ್ಮ ಮನೆಯ ತಾರಸಿಯ ಮೇಲೆ ನಡೆಯುತ್ತಿದೆ. ಚಿಕ್ಕಪ್ಪನ ಪದ್ಯಗಳು ಪಕ್ಕದ ಅಪಾರ್ಟ್‌ಮೆಂಟಿನವರಿಗೂ ಬಾಯಿಪಾಠವಾಗಿವೆ. ಚಿಕ್ಕಪ್ಪ ಒಂದು ಸಾಲು ಬಿಟ್ಟರೆ ಅಲ್ಲಿನ ಬಾಲ್ಕನಿಯಿಂದ ಯಾರಾದರೂ ಎತ್ತಿಕೊಡುತ್ತಾರೆ.

ಕಳೆದ ತಿಂಗಳು ಎಂಜಿನಿಯರುಗಳು ಬಂದು ಭವನದ ಚಾವಣಿ ನೋಡಿಕೊಂಡು ಹೋದರು. ದುರಸ್ತಿ ಮಾಡುತ್ತಾರೋ, ಕೆಡವುತ್ತಾರೋ ಇನ್ನೂ ತಿಳಿಸಿಲ್ಲ.