ನನ್ನ ಮಗಳನ್ನು ನೋಡಲು ಬಂದವರು

ಮಂಡಕ್ಕಿಗೆ ಒಗ್ಗರಣೆ ಹಾಕಿ ಹಾಕಿ ನನ್ನ ಕೈ ಸೋತುಹೋಗಿತ್ತು. ಅಳಿಯ ತೀರಿಕೊಂಡು ವರ್ಷ ತಿರುಗಿದ ಮೇಲೆ ಮಗಳನ್ನು ನೋಡಲು ಜನ ಬರತೊಡಗಿದರು. ದಾವಣಗೆರೆಯಲ್ಲಿ ಮನೆಗೆ ಬಂದವರನ್ನು ಬರೀ ಚಹಾ ಕೊಟ್ಟು ಕಳಿಸುವ ಹಾಗಿಲ್ಲ. ಮಂಡಕ್ಕಿ ಆಗಬೇಕು, ಮೆಣಸಿನಕಾಯಿ ಬಜ್ಜಿ ಆಗಬೇಕು. ಅವರು ತಿನ್ನುತ್ತಿದ್ದರು, ಮಗಳ ಮುಖ ನೋಡುತ್ತಿದ್ದರು, ಆಮೇಲೆ ಮೊಮ್ಮಗಳ ಕಡೆ ತಿರುಗುತ್ತಿದ್ದರು. ಅಲ್ಲಿಗೆ ಮಾತು ನಿಲ್ಲುತ್ತಿತ್ತು.

ನಾವು ವಿಭೂತಿ ಹಚ್ಚುವ ಜನ. ಅಳಿಯ ಹರಿಹರದ ಮುಸಲ್ಮಾನರ ಹುಡುಗ. ಇಬ್ಬರೂ ಮೆಚ್ಚಿ ಮದುವೆಯಾದವರು. ಮೊಮ್ಮಗಳಿಗೆ ನನ್ನ ಹತ್ತಿರ ಕನ್ನಡ, ಹರಿಹರದ ದಾದಿ, ಅಂದರೆ ಅವಳಪ್ಪನ ತಾಯಿಯ ಹತ್ತಿರ ಉರ್ದು. ಹೆತ್ತವಳನ್ನು ‘ಅಮ್ಮಿ’ ಅನ್ನುತ್ತಾಳೆ. ಮಗಳಿಗೆ ಗಂಡನ್ನು ನಾನೂ ಹುಡುಕುತ್ತಿದ್ದೆ, ನನ್ನ ಬೀಗತಿಯೂ ಹುಡುಕುತ್ತಿದ್ದಳು. ನಮ್ಮ ಕಡೆಯಿಂದ ಬಂದವರು, ಕೂಸಿನ ಹೆಸರು ಬದಲಿಸಿದರೆ ನೋಡೋಣ ಅನ್ನುತ್ತಿದ್ದರು. ಆ ಕಡೆಯಿಂದ ಬಂದವರು, ಅಜ್ಜಿ ಮನೆಯ ರೂಢಿ ಬಿಡಿಸಬೇಕು ಅನ್ನುತ್ತಿದ್ದರು. ಒಬ್ಬನಂತೂ ಮೆಣಸಿನಕಾಯಿ ಬಾಯಲ್ಲಿಟ್ಟುಕೊಂಡೇ, “ಕೂಸು ನಿಮ್ಮತ್ರನೇ ಇರ್ಲಿ ಬಿಡ್ರಿ ಯಜಮಾಂತಿ, ನಿಮಗೂ ಜೊತೆ ಆಗ್ತೈತೆ” ಅಂದ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ಅದನ್ನು ಕೇಳಿಸಿಕೊಂಡಳು. ಅವತ್ತು ಊಟ ಮಾಡಲಿಲ್ಲ.

“ಅಜ್ಜಿ, ನಾನು ಹೆಂಗಿದ್ರೆ ಅಮ್ಮಿ ಜೊತೆ ನನ್ನೂ ಕರ್ಕಂಡು ಹೋಗ್ತಾರೆ?”

ಅವಳೇ ಒಂದು ಉಪಾಯ ಕಂಡುಕೊಂಡಳು. ಯಾರಾದರೂ ಬರುತ್ತಾರೆಂದರೆ ಕಿಟಕಿಯಲ್ಲಿ ಕಾಯುವಳು. ಬಂದವರ ಹಣೆಯಲ್ಲಿ ವಿಭೂತಿ ಕಂಡರೆ ಓಡಿಹೋಗಿ ತಾನೂ ಹಚ್ಚಿಕೊಂಡು ಬಂದು “ಶರಣ್ರಿ” ಅನ್ನುವಳು. ಟೋಪಿಯೋ ಬುರ್ಖಾವೋ ಕಂಡರೆ ತಲೆಯ ಮೇಲೆ ದುಪಟ್ಟಾ ಹೊದ್ದು ಸಲಾಂ ಮಾಡುವಳು. ಮಗಳು ಬೈದಳು, ಅತ್ತಳು. ಕೂಸು ಬಿಡಲಿಲ್ಲ.

“ಸಾಕವ್ವ, ಇನ್ಯಾರೂ ಬರೋದು ಬ್ಯಾಡ” ಅಂದಳು ಮಗಳು. ನನಗೂ ಸಾಕಾಗಿತ್ತು. ಆದರೆ ಶಾಮನೂರಿನವನೊಬ್ಬ ಬರುತ್ತೇನೆಂದು ಮೊದಲೇ ಹೇಳಿಕಳಿಸಿದ್ದ, ಇಲ್ಲ ಅನ್ನಲಾಗಲಿಲ್ಲ.

ಹೆಂಡತಿ ತೀರಿಹೋದವನು, ಲೇತ್ ಯಂತ್ರದ ಕೆಲಸ ಮಾಡುವವನು. ಜೊತೆಗೆ ಯಾರನ್ನೂ ಕರೆತರದೆ ಒಬ್ಬನೇ ಬೈಕಿನಲ್ಲಿ ಬಂದ. ಹೆಲ್ಮೆಟ್ ತೆಗೆದು ಮುಖವೆಲ್ಲ ಒರೆಸಿಕೊಂಡು ಒಳಗೆ ಬಂದು ಕೂತ. ಹಣೆಯಲ್ಲಿ ಏನೂ ಇರಲಿಲ್ಲ, ತಲೆಯ ಮೇಲೂ ಏನೂ ಇರಲಿಲ್ಲ. ನಾನು ಮಂಡಕ್ಕಿ ತಟ್ಟೆ ತರುತ್ತಿದ್ದೆ. ಮೊಮ್ಮಗಳು ನನಗಿಂತ ಮುಂದೆ ಹೋಗಿ ಅವನೆದುರು ನಿಂತಳು. ಹಣೆ ತುಂಬ ವಿಭೂತಿ, ತಲೆ ಮೇಲೆ ದುಪಟ್ಟಾ.

“ಇದೇನವ್ವ, ಎರಡೂ?” ಅಂದ ಅವನು.

“ನೀವು ಯಾರು ಅಂತ ಗೊತ್ತಾಗ್ಲಿಲ್ಲ. ಯಾವ್ದು ತೆಗೀಬೇಕು ಹೇಳ್ರಿ, ತೆಗೀತೀನಿ.”

ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವನು ತನ್ನ ಹಣೆ ಮುಟ್ಟಿ ನೋಡಿಕೊಂಡ.

“ನಂದು ಬೆವರಿಗೆ ಅಳಿಸಿ ಹೋಗೈತೆ. ನಿಂದ್ಯಾಕ ತೆಗೀತಿ? ಇರ್ಲಿ ಬಿಡು.”

“ದಾದಿ ಮನಿಗೆ ಹೋಗ್ಬ್ಯಾಡ ಅಂತೀರಾ?”

“ಇಲ್ಲವ್ವ.”

“ಎಲ್ರೂ ಮೊದ್ಲು ಹಂಗೇ ಅಂತಾರೆ.”

ಅವನು ಜೋರಾಗಿ ನಕ್ಕುಬಿಟ್ಟ. “ಹಂಗಾದ್ರೆ ನನ್ನೂ ಕರ್ಕಂಡು ಹೋಗು. ನಂಗೂ ಊಟ ಹಾಕ್ತಾರಾ ಕೇಳು ನಿಮ್ಮ ದಾದಿನ.”

ಕೂಸು ನಿಜವಾಗಿಯೂ ಒಳಗೆ ಹೋಗಿ ಫೋನ್ ಮಾಡಿತು. “ಭಾನುವಾರ ಬರ್ಬೇಕಂತೆ. ಕುರಿ ಮಾಡ್ತಾರಂತೆ.”

“ನಾನು ಅದನ್ನ ತಿನ್ನಲ್ಲವ್ವ.”

ಮತ್ತೆ ಒಳಗೆ ಓಡಿದಳು. ಬಂದು, “ದಾಲ್ ಮಾಡ್ತಾರಂತೆ. ಆದ್ರೆ ಬೈಯ್ಕಂತ ಅದಾರೆ” ಅಂದಳು. ಎಷ್ಟೋ ದಿನದ ಮೇಲೆ ನನ್ನ ಮಗಳು ನಕ್ಕಳು.

ಭಾನುವಾರ ನಾವು ಬಸ್ಸಿನಲ್ಲಿ ಹರಿಹರಕ್ಕೆ ಹೋದೆವು, ಅವನು ಬೈಕಿನಲ್ಲಿ ಬಂದ. ಬೀಗತಿ ನೆಲದ ಮೇಲೆ ಬಟ್ಟೆ ಹಾಸಿ ಊಟಕ್ಕೆ ಕೂರಿಸಿದಳು. ಅವಳು ಉರ್ದುವಿನಲ್ಲಿ ಕೇಳುವಳು, ಮೊಮ್ಮಗಳು ಅದನ್ನು ಕನ್ನಡದಲ್ಲಿ ಅವನಿಗೆ ಹೇಳುವಳು. ಅವನು ಹೇಳಿದ್ದನ್ನು ಉರ್ದುವಿನಲ್ಲಿ ದಾದಿಗೆ ಒಪ್ಪಿಸುವಳು. ಕೆಲಸ ಎಂಥದ್ದು, ತಾಯಿ ಹೇಗಿದ್ದಾಳೆ, ಕುಡಿಯುವ ಚಟ ಇದೆಯೇ, ಎಲ್ಲ ಆಯಿತು. ಕುಡಿಯುವ ಮಾತನ್ನು ಕೂಸು ತಾನಾಗಿಯೇ ಎರಡನೇ ಸಲ ಕೇಳಿತು. ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು, ದೊಡ್ಡ ಅಧಿಕಾರಿಯ ಹಾಗೆ.

ನನ್ನ ಬೀಗತಿ ಹರಿಹರದ ಸಂತೆಯಲ್ಲಿ ಅಚ್ಚ ಕನ್ನಡದಲ್ಲೇ ಬಳೆ ಮಾರಿದವಳು. ನನ್ನ ಜೊತೆ ಜಗಳ ಆಡುವುದೂ ಕನ್ನಡದಲ್ಲೇ. ಅದನ್ನು ಅವನಿಗೆ ಹೇಳಲೆಂದು ಬಾಯಿ ತೆರೆದೆ. ಅವಳು ಸೀರೆಯ ಮರೆಯಲ್ಲಿ ನನ್ನ ತೊಡೆ ಚಿವುಟಿದಳು. ತೆರೆದ ಬಾಯಿಗೆ ಒಂದು ತುತ್ತು ಇಟ್ಟುಕೊಂಡೆ.

ಇನ್ನೊಂದು ಸೌಟು ದಾಲ್ ಹಾಕಲೇನು ಎಂದು ಬೀಗತಿ ಅವನನ್ನು ಉರ್ದುವಿನಲ್ಲಿ ಕೇಳಿದಳು. ಅಷ್ಟು ನನಗೂ ಅರ್ಥವಾಗುತ್ತದೆ. ಮೊಮ್ಮಗಳು ಒಂದು ಗಳಿಗೆ ತಲೆ ತಗ್ಗಿಸಿ, ಆಮೇಲೆ ಅವನಿಗೆ ಹೇಳಿದಳು:

“ದಾದಿ ಕೇಳ್ತಾರೆ, ಅಮ್ಮಿ ಜೊತೆ ನಾನೂ ಬರ್ತೀನಲ್ಲ ನಿಮ್ಮನಿಗೆ, ಅಂತ.”

“ನೀನು ಬರ್ದಿದ್ರೆ ಹೆಂಗವ್ವ? ನಿಮ್ಮ ದಾದಿ ಮಾತು ನಂಗೆ ಯಾರು ಹೇಳ್ತಾರೆ? ನೀನು ಬರ್ಲೇಬೇಕು.”

ಕೂಸು ದಾದಿಯ ಕಡೆ ತಿರುಗಿ ಅಷ್ಟನ್ನೂ ಒಂದು ಮಾತು ಬಿಡದೆ ಉರ್ದುವಿನಲ್ಲಿ ಹೇಳಿತು. ಬೀಗತಿ ಈಗಷ್ಟೇ ಕೇಳಿದವಳ ಹಾಗೆ ತಲೆ ಆಡಿಸಿದಳು, ಕಣ್ಣೊರೆಸಿಕೊಂಡಳು, ಅವನ ತಟ್ಟೆ ತುಂಬ ದಾಲ್ ಸುರಿದಳು. ಇಷ್ಟು ಸಂತೋಷ ತಡೆಯುವ ಶಕ್ತಿ ಈ ದಣಿದ ದೇಹದಲ್ಲಿ ಎಲ್ಲಿತ್ತೋ ನಾ ಕಾಣೆ.