ಪಿಳ್ಳಮ್ಮತ್ತೆಯ ಮೇಣದ ಒಲೆ

ಪಿಳ್ಳಮ್ಮತ್ತೆ ಒಲೆ ಹಚ್ಚುವ ಮೊದಲು ಮುಚ್ಚಳ ಹುಡುಕುತ್ತಿದ್ದಳು. ಹಾಲು ಕಾಯಿಸಲಿ, ಮೇಣ ಕಾಯಿಸಲಿ, ಸರಿಯಾಗಿ ಕೂರುವ ಮುಚ್ಚಳ ಕೈಗೆ ಸಿಗದೆ ಬೆಂಕಿಕಡ್ಡಿ ಗೀರಿದವಳಲ್ಲ. "ಬೆಂಕಿ ಹಚ್ಚೋಕೆ ಯಾರಿಗಾದ್ರೂ ಬರುತ್ತೆ ಕಣೇ, ಆರಿಸೋಕೆ ಬರ್ಬೇಕು" ಎಂದು ನನಗೆ ಹೇಳುತ್ತಿದ್ದಳು. ನನ್ನ ಅಪ್ಪನ ತಂಗಿ ಅವಳು. ಮಾತು ಜೋರು, ನಗು ಇನ್ನೂ ಜೋರು.

ಕಗ್ಗದಾಸಪುರದ ಅವಳ ಮನೆ ಮುಂದಿನ ಶೀಟಿನ ಶೆಡ್ಡೇ ಅಂಗಡಿ. ಮಾವ ತೀರಿಕೊಂಡ ಮೇಲೆ ಅವರ ಮರ ಕಡೆಯುವ ಲೇತನ್ನು ಮಾರದೆ, ತಾನೇ ನಿಂತು ಲಟ್ಟಣಿಗೆ, ಕಡಗೋಲು, ಮಂಚದ ಕಾಲು ಕಡೆದು ಕೊಡುತ್ತಿದ್ದಳು. ಹಸಿ ಮರ ತಂದ ದಿನವೇ ಅದರ ಎರಡೂ ತುದಿಗೆ ಕರಗಿಸಿದ ಮೇಣ ಬಳಿಯಬೇಕು. ಇಲ್ಲದಿದ್ದರೆ ತುದಿ ಬೇಗ ಒಣಗಿ ಸೀಳು ಬಿಡುತ್ತದೆ, ಲೇತಿಗೆ ಹಾಕುವ ಹೊತ್ತಿಗೆ ಮರ ಸೌದೆಗಷ್ಟೇ ಲಾಯಕ್ಕು. ಆ ಮೇಣಕ್ಕೆಂದು ಅತ್ತೆ ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋಗುತ್ತಿದ್ದಳು. ಚರ್ಚಿನ ಹತ್ತಿರ ಕ್ಯಾಂಡಲ್ ಮಾರುವವರ ಜೊತೆ ತಮಿಳಿನಲ್ಲಿ ಜಗಳವಾಡಿ ಮುರಿದ ತುಂಡುಗಳನ್ನು ಚೀಲಕ್ಕೆ ತುಂಬಿಸಿಕೊಂಡು, ಬರುವಾಗ ಅಲ್ಲಿನ ತಾಯಿಗೂ ಕೈ ಮುಗಿದು ಬರುತ್ತಿದ್ದಳು.

ಕರಗಿಸುವುದರಲ್ಲಿ ಅವಳದು ಭಾರೀ ಮಡಿ. ದೊಡ್ಡ ಪಾತ್ರೆಯಲ್ಲಿ ನೀರು, ಅದರೊಳಗೆ ಸಣ್ಣ ಪಾತ್ರೆಯಲ್ಲಿ ಮೇಣ, ಕೆಳಗೆ ಸಣ್ಣ ಉರಿ. ಮೇಣವನ್ನು ನೇರ ಬೆಂಕಿಗೆ ಇಡುವಂತಿಲ್ಲ, ಬಿಟ್ಟು ಏಳುವಂತಿಲ್ಲ. ಒಮ್ಮೆ ಕಮ್ಮನಹಳ್ಳಿಯ ಬೀಗರು ಮದುವೆಗೆ ಕರೆಯಲು ಬಂದಾಗ, "ಒಲೆ ಮೇಲೆ ಮೇಣ ಐತೆ, ಅಲ್ಲೇ ನಿಂತ್ಕೊಳ್ರೀ!" ಎಂದು ಕೂಗಿ, ಕುಂಕುಮದ ಬಟ್ಟಲು ಹಿಡಿದು ಬಂದವರನ್ನು ಬಿಸಿಲಲ್ಲೇ ನಿಲ್ಲಿಸಿದ್ದಳು. ಆಮೇಲೆ ಕಾಫಿಗೆ ಸಕ್ಕರೆ ಜಾಸ್ತಿ ಹಾಕಿಕೊಟ್ಟು ಸಮಾಧಾನ ಮಾಡಿದಳು.

ಅಪ್ಪನಿಗೂ ಚಿಕ್ಕಪ್ಪನಿಗೂ ಜಮೀನು ಭಾಗವಾದಾಗ ಅತ್ತೆ ತನ್ನ ಹಕ್ಕು ಬಿಟ್ಟು ಸಹಿ ಹಾಕಿದ್ದಳು. ಆದರೆ ತಾತ ನೆಟ್ಟ ಹಲಸಿನ ಮರ ಸರಿಯಾಗಿ ಗಡಿಯ ಮೇಲಿತ್ತು. ನಂದು ನಂದು ಎಂದು ಕಿತ್ತಾಡಿ ಅಣ್ಣತಮ್ಮಂದಿರು ಮಾತು ಬಿಟ್ಟರು. ಕೊನೆಗೆ ನಡುವೆ ಗೋಡೆ ಎಬ್ಬಿಸಲು ಮರವನ್ನೇ ಕಡಿಸಿದರು. ಅವತ್ತು ಅತ್ತೆ ಸ್ಟೌ, ಪಾತ್ರೆ, ಮೇಣ ಎಲ್ಲವನ್ನೂ ಆಟೋದಲ್ಲಿ ಹೇರಿಕೊಂಡು ಮರ ಬಿದ್ದಲ್ಲಿಗೇ ಬಂದಳು. "ಜಮೀನು ನೀವೇ ಇಟ್ಕೊಳ್ಳಿ, ಮರ ನಂಗೆ ಕೊಡಿ. ಒಣಗಿದ್ಮೇಲೆ ಇಬ್ರಿಗೂ ಒಂದೊಂದು ಕುಂಕುಮದ ಭರಣಿ ಕಡೆದ್ಕೊಡ್ತೀನಿ. ಅಪ್ಪನ ಮರ ಇಬ್ರ ಮನೇಲೂ ಇರ್ಲಿ" ಅಂದಳು.

ಅವಳು ಆ ಕಡೆ ದಿಮ್ಮಿ ಕೊಯ್ಯಿಸುತ್ತಿದ್ದಾಗ, ಈ ಕಡೆ ಅವಸರದ ಅಪ್ಪ ಮೇಣದ ಪಾತ್ರೆಯನ್ನು ನೇರ ಉರಿಗೇ ಇಟ್ಟುಬಿಟ್ಟರು. ಹೊಗೆ ಎದ್ದು ಭಗ್ಗೆಂದು ಹೊತ್ತಿಕೊಂಡಿತು. ಅಪ್ಪ ನೀರಿನ ಬಿಂದಿಗೆ ಎತ್ತಿದರು. ಓಡಿ ಬಂದ ಅತ್ತೆ ಅವರನ್ನು ಪಕ್ಕಕ್ಕೆ ತಳ್ಳಿ, ಸ್ಟೌ ಆರಿಸಿ, ಪಾತ್ರೆಯ ಮೇಲೆ ಮುಚ್ಚಳ ಜಾರಿಸಿದಳು. ಬೆಂಕಿ ಅಲ್ಲೇ ಉಸಿರು ಕಟ್ಟಿ ಆರಿತು.

"ನೀರು ಹುಯ್ದಿದ್ರೆ ಬೆಂಕಿ ಮುಖಕ್ಕೆ ಹಾರ್ತಿತ್ತು ಕಣಣ್ಣಾ!" ಎಂದು ಬೈದಳು, ಬೈಯುತ್ತಲೇ ಅತ್ತುಬಿಟ್ಟಳು.

ಚಿಕ್ಕಪ್ಪ ಆಚೆ ಕಡೆಯಿಂದ ಓಡಿ ಬಂದು ನಿಂತಿದ್ದರು. "ಕೈಗೇನಾದ್ರೂ ಆಯ್ತಾ?" ಎಂದು ಅಣ್ಣನನ್ನು ಕೇಳಿದರು. ಅಪ್ಪ ಇಲ್ಲವೆಂದು ತಲೆಯಾಡಿಸಿದರು.

ಅತ್ತೆ ಕಣ್ಣೊರೆಸಿಕೊಂಡು ಬೇರೆ ಮೇಣವನ್ನು ನೀರಿನ ಪಾತ್ರೆಯಲ್ಲಿಟ್ಟು ಕರಗಿಸಿದಳು. ಇಬ್ಬರ ಕೈಗೂ ಒಂದೊಂದು ಬ್ರಷ್ ಕೊಟ್ಟು ದಿಮ್ಮಿಯ ಆಚೆಗೊಬ್ಬರನ್ನು ಈಚೆಗೊಬ್ಬರನ್ನು ಕೂರಿಸಿದಳು. "ಒಂದು ಕಡೆ ಬಿಟ್ರೂ ಆ ಕಡೆಯಿಂದ್ಲೇ ಸೀಳುತ್ತೆ. ಬಾಯಿ ಮುಚ್ಕೊಂಡು ಬಳೀರಿ" ಅಂದಳು. ಬಾಯಿ ಮುಚ್ಚಿಕೊಂಡವರು ಯಾರು? ಸಂಜೆಯ ಹೊತ್ತಿಗೆ ಮೇಣ ತೆಳುವಾಯಿತು, ದಪ್ಪವಾಯಿತು ಎಂದು ಇಬ್ಬರೂ ವಾದಕ್ಕೆ ಬಿದ್ದಿದ್ದರು.

ಭರಣಿ ಕಡೆಯುವ ಭಾಗ್ಯ ಅವಳಿಗಿರಲಿಲ್ಲ. ಅವಳ ಶೆಡ್ಡಿನಲ್ಲಿ ಹಲಸು ಒಣಗುತ್ತಿರುವಾಗಲೇ, ಒಂದು ಬೆಳಿಗ್ಗೆ ಎದೆನೋವೆಂದು ಕೂತವಳು ಮತ್ತೆ ಏಳಲಿಲ್ಲ. ಆ ಶೆಡ್ಡಿಗೆ ಕಾಲಿಟ್ಟರೆ ನನಗೆ ಈಗಲೂ ಅಳು ಬರುತ್ತದೆ. ಅಪ್ಪ, ಚಿಕ್ಕಪ್ಪ ಮಾತ್ರ ಭಾನುವಾರ ತಪ್ಪಿಸುವುದಿಲ್ಲ. ತುಂಡುಗಳನ್ನು ಹೊರಳಿಸಿ, ಮೇಣ ಎದ್ದಲ್ಲಿ ಮತ್ತೆ ಬಳಿದು, ಟೀ ಕುಡಿದು ಬರುತ್ತಾರೆ.

ಮೊನ್ನೆ ಚಿಕ್ಕಪ್ಪ ಒಂದು ತುಂಡನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಟಣ್ ಎಂದಿತು. "ಒಣಗೈತೆ ಅಣ್ಣಾ. ಹಲಸೂರಲ್ಲಿ ಒಬ್ಬ ಭರಣಿ ಕಡೆದ್ಕೊಡ್ತೀನಿ ಅಂದವ್ನೆ" ಅಂದರು.

ಅಪ್ಪನೂ ತಟ್ಟಿ ನೋಡಿದರು. ಅದೇ ಸದ್ದು. ತುಂಡನ್ನು ಮತ್ತೆ ಅದರ ಜಾಗಕ್ಕೇ ಹೊರಳಿಸಿ, "ಇಲ್ಲ ಬಿಡೋ, ಇನ್ನೂ ಹಸಿ ಐತೆ" ಅಂದರು.

ಚಿಕ್ಕಪ್ಪ ಅಣ್ಣನ ಮುಖ ನೋಡಿದರು. "ಹೌದು, ಹಸೀನೇ" ಎಂದು, ಒಲೆ ಹಚ್ಚುವ ಮೊದಲು ಮುಚ್ಚಳ ಹುಡುಕತೊಡಗಿದರು.