ತಿರುಗಿ ಬಡಿಯುವ ಹೊಲ

ಯರಗಟ್ಟಿಯ ಲಗಮಣ್ಣನ ಮನೆಯಲ್ಲಿ ಮಿಕ್ಸರ್ ಸುಮ್ಮನೆ ತಿರುಗುವಂತಿರಲಿಲ್ಲ. ಹೆಂಡತಿ ಪದ್ಮವ್ವ ಒಣಮೆಣಸಿನಕಾಯಿ ಹಾಕಿ, ಮುಚ್ಚಳ ಒತ್ತಿ, ಗುಂಡಿಗೆ ಕೈ ಹಚ್ಚುವ ಮೊದಲು ಕಟ್ಟೆಯ ಮೇಲೆ ಎರಡು ಸಲ ಬಡಿಯಬೇಕು. ಬಡಿಯದೆ ತಿರುಗಿಸಿದಳೋ, ಹೊರಗೆ ಕುಳಿತ ಗಂಡ ಚಹಾದ ಕಪ್ಪು ಕೆಳಗಿಟ್ಟು ಒಳಗೆ ಬರುತ್ತಿದ್ದ. "ಕೈ ತಗದ್ಯಾ?" ಎಂದು ಕೇಳಿ, ತೆಗೆದ ಕೈಯನ್ನು ಕಣ್ಣಾರೆ ಕಂಡ ಮೇಲೆಯೇ ಹೊರಗೆ ಹೋಗುತ್ತಿದ್ದ.

"ಇವರ ಕೂಡ ಬಾಳೇ ಮಾಡೂದಂದ್ರ ಬೋರ್ ಗಾಡಿ ಮ್ಯಾಲ ಸಂಸಾರ ಮಾಡಿಧಾಂಗ ಆತು ನೋಡ್ರಿ" ಎಂದು ಪದ್ಮವ್ವ ನೆರೆಯವರ ಮುಂದೆ ಹೇಳಿ ನಗುತ್ತಿದ್ದಳು.

ಲಗಮಣ್ಣ ಕೊಳವೆಬಾವಿ ಕೊರೆಯುವ ಬೋರ್ ಗಾಡಿಯ ಹೆಲ್ಪರ್. ಕೆಲಸಕ್ಕೆ ನಿಲ್ಲುವ ಮೊದಲು ಅವನದೊಂದು ದೊಡ್ಡ ಶಾಸ್ತ್ರವೇ ಇತ್ತು. ಹೆಗಲ ಮೇಲಿನ ಟವೆಲ್ಲು ಲಾರಿಯ ಕನ್ನಡಿಗೆ. ಬೆರಳಿನ ಉಂಗುರ ಕಿಸೆಗೆ. ಮಣಿಕಟ್ಟಿನ ದಾರ ಇದ್ದರೆ ಹರಿದು ಹಾಕಬೇಕು, ಯಾವ ದೇವರದೇ ಇರಲಿ. ಅಂಗಿ ಮೊಣಕೈ ದಾಟಬಾರದು. ಬೇರೆ ಗಾಡಿಯವರು ಇದನ್ನೆಲ್ಲ ನೋಡಿ, "ಮದುಮಗ ತಯಾರಾಗಾಕ ಹತ್ಯಾನ" ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ. ಅವರಲ್ಲಿ ಎಷ್ಟೋ ಜನರಿಗೆ ಬೆರಳು ಪೂರಾ ಇರಲಿಲ್ಲ. ಲಗಮಣ್ಣನಿಗೆ ಇದ್ದವು.

ಆ ಕೆಲಸ ನೋಡದವರಿಗೆ ಒಂದು ಮಾತು ಹೇಳಬೇಕು. ನೆಲದೊಳಗೆ ಒಂದು ರಾಡು ಇಳಿದ ಮೇಲೆ ಅದರ ತಲೆಗೆ ಇನ್ನೊಂದನ್ನು ಜೋಡಿಸಬೇಕು. ಆಗ ಕೊರೆಯಲು ಒಳಗೆ ಊದುವ ಗಾಳಿಯ ಆರ್ಭಟ ನಿಲ್ಲುತ್ತದೆ, ಇಂಜಿನ್ ಮಾತ್ರ ಗುರುಗುಡುತ್ತಿರುತ್ತದೆ. ಹೆಲ್ಪರ್ ಆ ಸಂದಿಗೆ ಕಬ್ಬಿಣದ ದೊಡ್ಡ ಪಾನಾ, ಅಂದರೆ ಸ್ಪ್ಯಾನರ್, ಸಿಕ್ಕಿಸಿ, ಕೈ ತೆಗೆದು, ಹಿಂದೆ ಸರಿಯಬೇಕು. ಲಿವರ್ ಹಿಡಿದ ಆಪರೇಟರನ ಕಣ್ಣು ಮೇಲೆ, ತೂಗುವ ರಾಡಿನ ತುದಿಯಲ್ಲಿ ಇರುತ್ತದೆ. ಕೆಳಗಿನ ಕೈ ಅವನಿಗೆ ಕಾಣುವುದಿಲ್ಲ. ಅದಕ್ಕೇ ಹೆಲ್ಪರ್ ಇನ್ನೊಂದು ಸಣ್ಣ ಪಾನಾದಿಂದ ನೆಲಕ್ಕೆ ಊರಿದ ಗಾಡಿಯ ಕಬ್ಬಿಣದ ಕಾಲಿಗೆ ಬಡಿಯುತ್ತಾನೆ. ಒಂದು ಬಡಿದರೆ ನಿಲ್ಲು. ಎರಡು ಬಡಿದರೆ, ಕೈ ತೆಗೆದೆ, ತಿರುಗಿಸು.

ಆಪರೇಟರ್ ಪೀರಸಾಬ ಮುನವಳ್ಳಿಯವನು, ಲಗಮಣ್ಣನಿಗಿಂತ ಹಿರಿಯ. ಹದಿನೈದು ವರ್ಷದ ಹಿಂದೆ ಅವನ ಗಾಡಿಯಲ್ಲಿ ಹೆಲ್ಪರ್ ಆಗಿದ್ದವನು ಪರಶು, ಪದ್ಮವ್ವನ ಬೆನ್ನಿಗೆ ಬಿದ್ದ ತಮ್ಮ. ಒಂದು ದಿನ ಪರಶುವಿನ ಕೈ ಸಂದಿಯಲ್ಲಿ ಇದ್ದಾಗಲೇ ರಾಡು ತಿರುಗಿತು. ತುಂಬುತೋಳಿನ ಅಂಗಿ ಸುತ್ತಿಕೊಂಡಿತು, ಅಂಗಿಯ ಹಿಂದೆ ಅವನು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದುಹೋಗಿತ್ತು.

"ಎರಡು ಕೇಳ್ಸಿತ್ರಿ. ಖುದಾನ ಆಣಿ, ಅಂವಾ ಎರಡು ಹೊಡದ" ಎಂದು ಪೀರಸಾಬ ಎಲ್ಲರ ಮುಂದೆ ಹೇಳಿದ. ಯಾರೂ ನಂಬಲಿಲ್ಲ. ಕೈ ಒಳಗೆ ಇಟ್ಟುಕೊಂಡು ಯಾವನಾದರೂ ಎರಡು ಹೊಡೆಯುತ್ತಾನೆಯೇ? ಪದ್ಮವ್ವ ಹೆಣದ ಮುಂದೆ ಕುಳಿತೇ, "ಸುಳ್ಳ ಹೇಳಾಕ ಹತ್ಯಾನ" ಎಂದಳು. ಅಂದಿನಿಂದ ಪೀರಸಾಬನ ಹೆಸರು ಆ ಮನೆಯ ಹೊಸಿಲು ದಾಟಲಿಲ್ಲ.

ಅಂಥ ಮನುಷ್ಯನ ಕೈಕೆಳಗೇ ಲಗಮಣ್ಣ ಹೋಗಿ ಸೇರಿದ್ದ. "ಒಮ್ಮೆ ತಪ್ಪಿದಾಂವ ಮತ್ತ ತಪ್ಪೂದಿಲ್ಲ" ಎಂದು ಹೆಂಡತಿಗೆ ಹೇಳಿದ್ದ. ನಿಜ ಬೇರೆ ಇತ್ತು. ಅವನಿಗೆ ತಿಳಿಯಬೇಕಾಗಿತ್ತು. ಈ ಮನುಷ್ಯ ಸುಳ್ಳು ಹೇಳಿದನೋ ಇಲ್ಲವೋ? ಪ್ರತಿ ರಾಡಿಗೂ ಸಂದಿಯೊಳಗೆ ಕೈ ಹಾಕುವಾಗ ಅವನ ಎದೆಯಲ್ಲಿ ಅದೇ ಪ್ರಶ್ನೆ ಇರುತ್ತಿತ್ತು, ಮತ್ತು ಹೇಳಬೇಕೆಂದರೆ, ಭಯವೂ ಇರುತ್ತಿತ್ತು.

ಈ ವರ್ಷ ಸುಗ್ಗಿಯಾದ ಮೇಲೆ ನವಿಲುತೀರ್ಥದ ಆಚೆ ಒಂದು ಹೊಲಕ್ಕೆ ಗಾಡಿ ಹೋಯಿತು. ಸವದತ್ತಿಯ ನಿಜಗುಣಪ್ಪ ಹೊಸದಾಗಿ ಕೊಂಡ ಎರೆಹೊಲ. ಗಾಡಿ ನಿಲ್ಲಿಸಿ ಕೆಳಗಿಳಿದ ಪೀರಸಾಬ ಬದುವಿನ ಕಡೆ ನೋಡಿ ನಿಂತುಬಿಟ್ಟ. ಅಲ್ಲಿ ಹಳೆಯ ಬೋರಿನ ಕೇಸಿಂಗ್ ಪೈಪೊಂದು ಮೊಣಕಾಲೆತ್ತರ ನಿಂತಿತ್ತು, ಬಾಯಿಗೆ ತಗಡು ಬೆಸೆದಿದ್ದರು.

"ಲಗಮಣ್ಣ, ಇದ ಆ ಹೊಲ" ಎಂದ. "ಬೇವಿನ ಗಿಡಾ ಕಡದಾರ, ಅದಕ್ಕ ನನಗ ಗುರ್ತ ಹತ್ತಲಿಲ್ಲ. ಪರಶು ಹೋದದ್ದು ಆ ಬೋರಿನ್ಯಾಗ. ನೀ ಬ್ಯಾಡ ಅಂದ್ರ ತಿರುಗಿ ಹೋಗೂಣು."

ಲಗಮಣ್ಣ ಆ ಪೈಪನ್ನು ಬಹಳ ಹೊತ್ತು ನೋಡಿದ. "ಬಂದದ್ದು ಬಂದೇವಿ, ಮಾಡೂಣ್ರಿ" ಎಂದು ಟವೆಲ್ಲು ತೆಗೆದು ಕನ್ನಡಿಗೆ ಹಾಕಿದ.

ಪಕ್ಕದ ಉಳ್ಳಾಗಡ್ಡಿ ಹೊಲದಲ್ಲಿ ಹೆಣ್ಣುಮಕ್ಕಳು ಕಳೆ ತೆಗೆಯುತ್ತಿದ್ದರು. ಸಾಲುಗಟ್ಟಿ ಕುಳಿತಿದ್ದರು, ಆದರೆ ಒಂದು ಮಾತಿಲ್ಲ, ನಗುವಿಲ್ಲ. ಅಷ್ಟು ಜನ ಹೆಣ್ಣುಮಕ್ಕಳು ಒಂದು ಕಡೆ ಕುಳಿತು ಸುಮ್ಮನಿರುವುದನ್ನು ಲಗಮಣ್ಣ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಒಬ್ಬಳಿಗೆ ನೀರು ಬೇಕಾದರೆ ಕಳೆ ಕೀಳುವ ಕುರ್ಪಿ ಮೇಲೆತ್ತುತ್ತಿದ್ದಳು. ಇನ್ನೊಬ್ಬಳು ಅದನ್ನು ಕಂಡು ಕೊಡ ಒಯ್ಯುತ್ತಿದ್ದಳು.

ನೀರು ಕೇಳಲು ಹೋದ ಲಗಮಣ್ಣನಿಗೆ ಅವರ ಹಿರಿಯಳು ಶೆಟ್ಟೆವ್ವ ದನಿ ತಗ್ಗಿಸಿ ಹೇಳಿದಳು: "ತಮ್ಮಾ, ಈ ಬದುವಿನ ಬಾಜೂಕ ಯಾರನ್ನೂ ಕೂಗಬ್ಯಾಡ್ರಿ. ಈ ಹೊಲ ತಿರುಗಿ ಕೂಗತೈತಿ."

"ಗುಡ್ಡದಾಗ ಕೂಗಿದ್ರ ಹಂಗ ಆಕ್ಕೈತಿ ಬಿಡಬೇ."

"ಗುಡ್ಡ ಆಗಿಂದಾಗ ಕೊಡತೈತಿ. ಇದು ಯಾವಾಗ ಕೊಡತೈತೋ ಅದಕ್ಕ ಗೊತ್ತು. ನಮ್ಮ ರೇಣೂನ್ನ ಅವರವ್ವ ಇಲ್ಲೇ ಉಣ್ಣಾಕ ಬಾ ಅಂತ ಕೂಗಿದ್ಲು. ಅವರವ್ವ ತೀರಿ ವರ್ಷ ಆದಮ್ಯಾಲ ಮತ್ತ ಅದ ದನಿ ಬಂತು, ರೇಣೂ ಉಣ್ಣಾಕ ಬಾ ಅಂತ. ಹುಡುಗಿ ಬುತ್ತಿ ಬಿಟ್ಟ ಓಡಿ ಹೋತು."

ಲಗಮಣ್ಣ ನಕ್ಕ. ಹಿರಿಯರ ಮಾತಿಗೆ ನಗುವುದು ತಪ್ಪು. ಆದರೆ ಹಗಲು ಬಿಸಿಲಿನಲ್ಲಿ, ಪಕ್ಕದಲ್ಲಿ ಇಂಜಿನ್ ಗುರುಗುಡುವಾಗ, ಯಾರಿಗಾದರೂ ನಗು ಬಂದೇ ಬರುತ್ತದೆ. ರೇಣು ಎಂಬ ಆ ಹುಡುಗಿ ಸಾಲಿನ ಕೊನೆಯಲ್ಲಿ ಕುಳಿತಿದ್ದಳು. ಅವಳು ನಗಲಿಲ್ಲ.

ಕೆಲಸ ಶುರುವಾಯಿತು. ಮೊದಲ ರಾಡು ಇಳಿಯಿತು, ಅದಕ್ಕೆ ಜೋಡಿಸಿದ ಎರಡನೆಯದು, ಮೂರನೆಯದು ಇಳಿದವು. ಲಗಮಣ್ಣ ಜೋಡಿಸಿದ ಪ್ರತಿ ಸಲ ಕೈ ತೆಗೆದು, ಸರಿದು, ಗಾಡಿಯ ಕಾಲಿಗೆ ಎರಡು ಬಡಿದ. ಮೊದಲನೆಯದು ಗಟ್ಟಿ, ಎರಡನೆಯದು ಸ್ವಲ್ಪ ಸೋತದ್ದು. ಅದು ಅವನ ಕೈಯ ರೀತಿ. ನೆಲದಿಂದ ಕರಿಮಣ್ಣಿನ ನಂತರ ಬಿಳಿ ಹಿಟ್ಟು ಏಳತೊಡಗಿತು. ಬಂಡೆ ಹತ್ತಿತ್ತು. ಆಗಲೇ ಅವನಿಗೆ ಬದುವಿನ ಕಡೆಯಿಂದ ಒಂದು ಸದ್ದು ಕೇಳಿಸಿತು. ಹಳೆಯ ಕೇಸಿಂಗಿನ ಬಾಯಿಯ ತಗಡು ಸಣ್ಣಗೆ ಅದುರುತ್ತಿತ್ತು, ಅದರ ಅಂಚಿನಿಂದ ಉಸಿರು ಹೊರಬರುತ್ತಿತ್ತು. ಒಂದು ಬೋರಿಗೆ ಊದಿದ ಗಾಳಿ ಬಂಡೆಯ ಬಿರುಕು ಹಿಡಿದು ಪಕ್ಕದ ಬೋರಿನಿಂದ ಬರುವುದು ಹೊಸದೇನಲ್ಲ. ಅವನು ಎಷ್ಟೋ ಸಲ ಕಂಡಿದ್ದ. ಆದರೆ ಪೀರಸಾಬ ಗಾಳಿ ನಿಲ್ಲಿಸಿದ ಮೇಲೂ ಆ ಉಸಿರು ನಿಲ್ಲಲಿಲ್ಲ.

ನಾಲ್ಕನೆಯ ರಾಡು ಮೇಲೆ ತೂಗುತ್ತಿತ್ತು. ಲಗಮಣ್ಣ ದೊಡ್ಡ ಪಾನಾ ಎತ್ತಿ ಸಂದಿಗೆ ಇಟ್ಟು, ಅಂಗೈಯಿಂದ ಒತ್ತಿದ.

ಎರಡು ಬಡಿತ ಕೇಳಿಸಿದವು.

ಮೊದಲನೆಯದು ಗಟ್ಟಿ, ಎರಡನೆಯದು ಸ್ವಲ್ಪ ಸೋತದ್ದು. ಅವನದೇ ಕೈ. ಅವನು ಬಡಿದಿರಲಿಲ್ಲ. ಅವನ ಎರಡೂ ಕೈ ಕಬ್ಬಿಣದ ಮೇಲಿದ್ದವು. ರಾಡು ತಿರುಗಿತು.

ದೊಡ್ಡ ಪಾನಾ ಅವನ ಅಂಗೈ ತರಚಿ ಹಾರಿ ಹೋಗಿ ನೀರಿನ ಡ್ರಮ್ಮಿಗೆ ಬಡಿದು ಅದನ್ನು ನಗ್ಗಿಸಿತು. ಅವನು ಹಿಂದಕ್ಕೆ ಬಿದ್ದ. ಪಾನಾಕ್ಕೆ ಬೆರಳು ಸುತ್ತಬಾರದು, ಅಂಗೈಯಿಂದ ಒತ್ತಬೇಕು ಎಂಬ ಅವನ ಶಾಸ್ತ್ರವೇ ಅವನನ್ನು ಉಳಿಸಿತ್ತು. ತುಂಬುತೋಳು ಇಲ್ಲ, ದಾರ ಇಲ್ಲ, ಉಂಗುರ ಇಲ್ಲ. ರಾಡಿಗೆ ಹಿಡಿಯಲು ಏನೂ ಸಿಗಲಿಲ್ಲ.

ಪೀರಸಾಬ ಲಿವರ್ ಎಳೆದು, ಇಂಜಿನ್ ಬಂದ್ ಮಾಡಿ ಓಡಿ ಬಂದ. "ಎರಡು ಹೊಡದ್ಯಲ್ಲೋ! ಹೊಡದ್ಯಲ್ಲೋ ಲಗಮಣ್ಣಾ!"

ಲಗಮಣ್ಣ ಗಾಡಿಯ ಕಾಲಿನ ಕಡೆ ನೋಡಿದ. ಬಡಿಯುವ ಸಣ್ಣ ಪಾನಾ ಅದರ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ನೇತಾಡುತ್ತಿತ್ತು ಎನ್ನುವುದೂ ತಪ್ಪು, ಅಲುಗದೆ ನಿಂತಿತ್ತು.

"ನಾ ಹೊಡದಿಲ್ರಿ ಸಾಬಣ್ಣ" ಎಂದ. ಆಮೇಲೆ, "ಆದ್ರ ನನಗೂ ಕೇಳ್ಸಿತು" ಎಂದ.

ಪೀರಸಾಬ ಅಲ್ಲೇ ಬಿಳಿ ಹಿಟ್ಟಿನಲ್ಲಿ ಕುಳಿತುಬಿಟ್ಟ. ಈ ಒಂದು ಮಾತನ್ನು ಯಾರಾದರೂ ಹೇಳಲಿ ಎಂದು ಅವನು ಹದಿನೈದು ವರ್ಷ ಕಾದಿದ್ದ. ಬಂದಾಗ ಅದರಲ್ಲಿ ಸಂತೋಷ ಇರಲಿಲ್ಲ. ಸಣ್ಣ ಹುಡುಗನಂತೆ ಬಿಕ್ಕಿ ಬಿಕ್ಕಿ ಅತ್ತ.

ಪಕ್ಕದ ಹೊಲದ ಹೆಣ್ಣುಮಕ್ಕಳೆಲ್ಲ ಎದ್ದು ನಿಂತಿದ್ದರು. ಯಾರೂ ಕೂಗಲಿಲ್ಲ. ಆ ನಿಶ್ಶಬ್ದದಲ್ಲಿ ಹಳೆಯ ಕೇಸಿಂಗಿನೊಳಗಿಂದ ಮತ್ತೆ ಎರಡು ಬಡಿತ ಬಂದವು. ಈ ಸಲದ್ದು ಲಗಮಣ್ಣನ ಕೈ ಅಲ್ಲ. ಮೊದಲು ಸಣ್ಣದು, ಸ್ವಲ್ಪ ತಡೆದು, ದೊಡ್ಡದು.

ಪೀರಸಾಬ ಅಳು ನಿಲ್ಲಿಸಿ ತಲೆ ಎತ್ತಿದ. "ಅಂವಾ ಹಿಂಗ ಹೊಡೀತಿದ್ದ" ಎಂದು ಪಿಸುಗುಟ್ಟಿದ.

ಸಂಜೆ ಲಗಮಣ್ಣ ಮನೆಗೆ ಬಂದು ಅಂಗೈಗೆ ಅರಿಶಿನ ಒತ್ತಿಕೊಂಡು ಪಡಸಾಲೆಯಲ್ಲಿ ಕುಳಿತ. ಪದ್ಮವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಗೋಡೆಯ ಮೇಲೆ ಬುದ್ಧನ ಪಟದ ಪಕ್ಕದಲ್ಲಿ ಪರಶುವಿನ ಫೋಟೋ. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಅವನು ತಾನು ಕುಳಿತ ಹಲಗೆಯ ಮೇಲೆ ಬೆರಳಿನಿಂದ ಬಡಿದು ನೋಡಿದ. ಮೊದಲು ಸಣ್ಣದು, ಸ್ವಲ್ಪ ತಡೆದು, ದೊಡ್ಡದು.

ಒಳಗೆ ರೊಟ್ಟಿಯ ಸದ್ದು ನಿಂತಿತು. ಪದ್ಮವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಗಂಡನ ಕಡೆ ನೋಡದೆ ನೇರ ಬಾಗಿಲಿಗೆ ಹೋಗಿ ಅಗಳಿ ತೆಗೆದಳು. ಹೊರಗೆ ಬರೀ ಬೀದಿ. ಬಾಗಿಲು ಹಿಡಿದುಕೊಂಡು ಅಲ್ಲೇ ನಿಂತಳು. ತಾನು ಯಾರಿಗೆ ಬಾಗಿಲು ತೆಗೆದೆ ಎಂಬುದು ತೆಗೆದ ಮೇಲೆ ಅವಳಿಗೆ ಹೊಳೆದಿತ್ತು.

"ಪರಶು ಬಾಗಿಲಾ ಬಡಿಯೂದು ಹಿಂಗ" ಎಂದಳು. "ನಿಮಗ್ಯಾರು ಹೇಳಿದ್ರು?"

ಲಗಮಣ್ಣ ಎಲ್ಲವನ್ನೂ ಹೇಳಿದ. ಪದ್ಮವ್ವ ಕೇಳುತ್ತ ಕೇಳುತ್ತ ಹಿಟ್ಟು ಒಣಗಿದ ಕೈಗಳನ್ನು ನೋಡಿಕೊಂಡಳು. "ಹಂಗಾದ್ರ ಆ ಮನಶ್ಯಾ ಖರೇ ಹೇಳಿದ್ದ" ಎಂದಳು. ಕೈ ಒರೆಸಿಕೊಂಡು ಕೇಳಿದಳು: "ಇವತ್ತ ನೀವು ಹೊಡದದ್ದು ಎಲ್ಲಾ ತಿರುಗಿ ಬಂತೇನು?"

ಲಗಮಣ್ಣ ನೆನಪಿಸಿಕೊಂಡ. ಎರಡು ಸಂದಿಗೆ ಎರಡು ಜೋಡಿ ಬಡಿದಿದ್ದ. ತಿರುಗಿ ಬಂದದ್ದು ಒಂದೇ ಜೋಡಿ.

"ಅಂದ್ರ ಇನ್ನೊಂದು ಜೋಡಿ ಒಳಗ ಐತಿ" ಎಂದಳು ಪದ್ಮವ್ವ. "ಮತ್ತ ಯಾರದರ ಕೈ ಸಂದಿನ್ಯಾಗ ಇದ್ದಾಗ ಬರತೈತಿ. ನಾಳಿ ನಾನೂ ಬರತೇನಿ."

ಮರುದಿನ ಮುಂಜಾನೆ ಪೀರಸಾಬ ರಾಡುಗಳನ್ನು ಕಟ್ಟಿ ಗಾಡಿ ಹೊರಡಿಸಲು ನಿಂತಿದ್ದ. ಇಲ್ಲಿ ಬೋರ್ ಹಾಕುವುದಿಲ್ಲ ಎಂದು ನಿಜಗುಣಪ್ಪನಿಗೆ ಫೋನಿನಲ್ಲಿ ಹೇಳಿ ಬೈಸಿಕೊಂಡೂ ಆಗಿತ್ತು. ಇವನಲ್ಲದಿದ್ದರೆ ಬೇರೆ ಗಾಡಿಯವನು ಬಂದೇ ಬರುತ್ತಾನೆ, ಅದು ಎಲ್ಲರಿಗೂ ಗೊತ್ತಿತ್ತು. ಬೈಕಿನಿಂದ ಇಳಿದ ಪದ್ಮವ್ವನನ್ನು ಕಂಡು ಪೀರಸಾಬ ತಲೆ ತಗ್ಗಿಸಿದ. ಅವಳು ಅವನನ್ನು ದಾಟಿ ಹೋಗಿ ಕೊಕ್ಕೆಯಿಂದ ಸಣ್ಣ ಪಾನಾ ತೆಗೆದುಕೊಂಡಳು. ಹಳೆಯ ಕೇಸಿಂಗಿನ ಮುಂದೆ ನಿಂತಳು.

"ನಿಲ್ಲು ಅನ್ನೂದಕ್ಕ ಎಷ್ಟ ಹೊಡೀತೀರಿ?"

"ಒಂದ" ಎಂದ ಲಗಮಣ್ಣ.

ಪದ್ಮವ್ವ ಎರಡೂ ಕೈಯಿಂದ ಪಾನಾ ಎತ್ತಿ ಒಂದು ಹೊಡೆದಳು. ಸದ್ದು ಕೆಳಗೆ, ಇನ್ನೂ ಕೆಳಗೆ ಇಳಿದು ಹೋಯಿತು. ಅದು ಪೂರ್ತಿ ಆರುವ ತನಕ ಕಾದಳು. ಎರಡು ಹೊಡೆತ ಜೋಡಿಯಾಗಿ ಆ ನೆಲಕ್ಕೆ ಸೇರಬಾರದಿತ್ತು. ಆಮೇಲೆ ಮತ್ತೆ ಒಂದು ಹೊಡೆದಳು. ಬಿಸಿಲು ಏರಿತು. ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳು ಬದುವಿನ ಮೇಲೆ ನಿಂತು ನೋಡಿದರು. ಶೆಟ್ಟೆವ್ವ ಕುರ್ಪಿ ಮೇಲೆತ್ತಿ ಉಳಿದವರನ್ನು ತಡೆದಳು. ಪದ್ಮವ್ವ ಒಂದು ಹೊಡೆಯುವಳು, ಕಾಯುವಳು, ಒಂದು ಹೊಡೆಯುವಳು.

ತೋಳು ಸೋತಾಗ ಅವಳು ತಿರುಗಿ ಪೀರಸಾಬನ ಕಡೆ ಪಾನಾ ಚಾಚಿದಳು.

"ಈಗ ನೀವು ಹೊಡೀರಿ ಅಣ್ಣಾ" ಎಂದಳು. "ಮುಂದ ಯಾವ ತಾಯಿ ಮಗ ಇಲ್ಲಿ ಕೈ ಹಾಕ್ತಾನೋ, ಅವನ ಗಾಡಿಯಾಂವಗ ಈ ಒಂದ ಕೇಳ್ಸಲಿ."

ಪೀರಸಾಬ ಪಾನಾ ತೆಗೆದುಕೊಂಡು ಒಂದೇ ಒಂದು ಹೊಡೆದ. ಮೂವರೂ ನಿಂತು ಅದು ಇಳಿದು ಹೋಗುವುದನ್ನು ಕೇಳಿದರು.